ಸಹಾಯ ಬೇಕು: ಜರೀಗಿಡದ ಪ್ರೋಥ್ಯಾಲಸ್ ಬಂದಿದೆ, ಮರಿಗಿಡ ಬರ್ತಿಲ್ಲ

ಹಳೇ ಗೋಡೆಗಳ ಮೇಲೆ ಬೆಳೆಯೋ ಪ್ಟೆರಿಸ್ ವಿಟಾಟಾ ಜರೀಗಿಡದ ಬೀಜಕ (ಸ್ಪೋರ್) ಬಿತ್ತಿದ್ದು. ಕೋಕೋಪೀಟ್ ಎರಡು ಪಾಲು, ಮರಳು ಒಂದು ಪಾಲು, ಚಿಟಿಕೆ ಸುಣ್ಣದ ಪುಡಿ. ಕುದಿಯೋ ನೀರು ಹುಯ್ದು ಆರಿಸಿ, ಬೀಜಕ ಉದುರಿಸಿ, ಗಾಜು ಮುಚ್ಚಿ, ನೇರ ಬಿಸಿಲು ತಾಗದ ಕಿಟಕಿ ಪಕ್ಕ ಇಟ್ಟಿದೆ. ಹಸಿರು ಪ್ರೋಥ್ಯಾಲಸ್ (ಬೀಜಕದಿಂದ ಮೊದಲು ಬರೋ, ಗಂಡು-ಹೆಣ್ಣು ಅಂಗ ಬಿಡೋ ಪುಟ್ಟ ಚಪ್ಪಟೆ ಸಸ್ಯ) ದಟ್ಟವಾಗಿ ಬಂದಿವೆ, ಅಲ್ಲಿಗೇ ನಿಂತಿದೆ.

ವೀರ್ಯಾಣು ಈಜೋಕೆ ತಳಭಾಗದಲ್ಲಿ ನೀರಿನ ಪದರ ಬೇಕಲ್ಲ, ಅದಕ್ಕೆ ಕುದಿಸಿ ಆರಿಸಿದ ನೀರು ಸ್ಪ್ರೇ ಮಾಡಿದ್ದಾಯ್ತು, ಟ್ರೇಯನ್ನ ಕೆಳಗಿನಿಂದ ನೆನೆಸಿದ್ದೂ ಆಯ್ತು. ಪ್ರಯೋಜನ ಇಲ್ಲ.

ಆಮೇಲೆ ಕೆಲವನ್ನ ಮಗುಚಿ ಮೈಕ್ರೋಸ್ಕೋಪಲ್ಲಿ ನೋಡಿದರೆ ವಿಷಯ ಬೇರೆಯೇ ಇದೆ. ಅಂಚಿನಲ್ಲಿ ಜಾಗ ಸಿಕ್ಕಿದವು ಹೃದಯಾಕಾರ. ಕಚ್ಚಿನ ಹಿಂದೆ ಆರ್ಕಿಗೋನಿಯದ (ಹೆಣ್ಣು ಅಂಗದ) ಪುಟ್ಟ ಕತ್ತುಗಳು ಕಾಣ್ತವೆ. ನಡುವೆ ಒತ್ತೊತ್ತಾಗಿರೋವು ಸಣ್ಣ ಪಟ್ಟಿಯ ಹಾಗಿವೆ, ಕಚ್ಚೇ ಇಲ್ಲ, ರೈಜಾಯ್ಡ್ (ಬೇರಿನಂಥ ಎಳೆ) ನಡುವೆ ದುಂಡನೆಯ ಆಂಥೆರಿಡಿಯ (ಗಂಡು ಅಂಗ) ಮಾತ್ರ. ಅಂದರೆ ಬರೀ ಗಂಡು. ದಟ್ಟಣೆ ಜೊತೆಗೆ ಆಂಥೆರಿಡಿಯೋಜನ್ (ಬೆಳೆದ ಪ್ರೋಥ್ಯಾಲಸ್ ಹೊರಬಿಡೋ, ಪಕ್ಕದವನ್ನ ಗಂಡಾಗಿಸೋ ರಾಸಾಯನಿಕ) ಪ್ರಭಾವ ಇರಬೇಕು. ಹೆಣ್ಣು ಭಾಗವೇ ಇಲ್ಲದ ಕಡೆ ಎಷ್ಟು ನೀರು ಹಾಕಿದರೂ ಅಷ್ಟೇ.

ಬೆಳೆಸಿ ಗೊತ್ತಿರೋರು ಹೇಳಿ: ನಡುವಿನ ಗಂಡು ಪ್ರೋಥ್ಯಾಲಸ್‌ಗಳನ್ನ ಈಗ ಬಿಡಿಸಿ ಹೊಸ ಮಣ್ಣಿಗೆ ನೆಟ್ಟರೆ ಕಚ್ಚು, ಆರ್ಕಿಗೋನಿಯ ಬರುತ್ತಾ? ಎಷ್ಟು ಅಂತರ ಬಿಡಬೇಕು? ಇಲ್ಲಾ ಇವನ್ನ ಬಿಟ್ಟು, ತೆಳ್ಳಗೆ ಮತ್ತೆ ಬಿತ್ತೋದೇ ಸರಿಯಾ?