ಯೆನ್ಸ್ ಲೆಕ್‌ಮನ್ ಎಲ್‌ಪಿಗಳು: ಹಳೆಯ ‘ಕೋರ್ಟೆದಾಲ’ ಹುಡುಕಬೇಕೆ, ಹೊಸ ‘ಲಿಂಡನ್’ ಸಾಕೆ?

ನೀಲಿಕೊಡೆ: ಸ್ವೀಡನ್ನಿನ ಹಾಡುಗಾರ ಯೆನ್ಸ್ ಲೆಕ್‌ಮನ್ ಆಲ್ಬಂಗಳನ್ನು ಎಲ್‌ಪಿಯಲ್ಲಿ (ದೊಡ್ಡ ವಿನೈಲ್ ರೆಕಾರ್ಡ್) ಕೂಡಿಸುತ್ತಿದ್ದೇನೆ. 2007ರ ‘ನೈಟ್ ಫಾಲ್ಸ್ ಓವರ್ ಕೋರ್ಟೆದಾಲ’ವನ್ನು 2022ರಲ್ಲಿ ಹಿಂದಕ್ಕೆ ತೆಗೆದುಕೊಂಡು, ಅದರ ಜಾಗಕ್ಕೆ ‘ದ ಲಿಂಡನ್ ಟ್ರೀಸ್ ಆರ್ ಸ್ಟಿಲ್ ಇನ್ ಬ್ಲಾಸಮ್’ ಬಿಟ್ಟರಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯದಕ್ಕೆ ದುಡ್ಡು ಸುರಿಯಬೇಕೆ? ಇರುವುದು ಸ್ವೀಡನ್ನಿನ ಯೋತೆಬೊರಿಯಲ್ಲಿ (ಗೋಥೆನ್‌ಬರ್ಗ್), ಮುಂದಿನ ವರ್ಷ ಮೈಸೂರಿಗೆ ವಾಪಸ್. ಬಜೆಟ್ 2500 ಕ್ರೋನ. ಪ್ಲೇಯರ್ ಸಾಧಾರಣದ್ದು. ಅನುಭವ ಇದ್ದವರು ಹೇಳಿ.

ಸೂಜಿಮೊನೆ: ಹಳೆಯದೇ. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಆ ಆಲ್ಬಂನ ಜೀವ ಇರುವುದೇ ಬೇರೆಯವರ ಹಳೆಯ ರೆಕಾರ್ಡ್‌ಗಳಿಂದ ಕತ್ತರಿಸಿ ಅಂಟಿಸಿದ ತುಣುಕುಗಳಲ್ಲಿ. ಹೊಸದರಲ್ಲಿ ಕೆಲವು ಹಾಡಿಗೆ ತುಣುಕು ಕಿತ್ತು ಬೇರೆ ವಾದ್ಯ ತುಂಬಿದ್ದಾರೆ, ಕೆಲವನ್ನು ಪೂರ್ತಿ ಮತ್ತೆ ಹಾಡಿದ್ದಾರೆ. ಮೂವತ್ತರ ಒಳಗಿನ ದನಿ ನಲವತ್ತು ದಾಟಿದ ಮೇಲೆ ಬರುತ್ತದೆಯೇ?

ಕೊಳ್ಳುವಾಗ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೊರೆದ ಅಂಕಿಯ ಫೋಟೊ ಕೇಳಿ. ಯಾವ ಮುದ್ರಣ ಎಂದು ಅದರಿಂದ ತಿಳಿಯುತ್ತದೆ: ಸ್ವೀಡನ್ನಿನಲ್ಲಿ ಸರ್ವೀಸ್ ಕಂಪನಿಯದು, ಅಮೆರಿಕದಲ್ಲಿ ಸೀಕ್ರೆಟ್ಲಿ ಕೆನೇಡಿಯನ್‌ನದು. ಕವರ್ ನೋಡಿ ನಂಬಬೇಡಿ. ಅಮೆರಿಕದಿಂದ ತರಿಸಿದರೆ 25% ತೆರಿಗೆ ಬೀಳುವುದು ಸಾಗಣೆಯನ್ನೂ ಕೂಡಿಸಿದ ಮೊತ್ತಕ್ಕೆ. 300 ಕ್ರೋನದ ರೆಕಾರ್ಡಿಗೆ 200 ಸಾಗಣೆ ಅಂದುಕೊಳ್ಳಿ: 500ಕ್ಕೆ 125, ಒಟ್ಟು 625, ಮೇಲೆ ಅಂಚೆಯವರ ನಿರ್ವಹಣಾ ಶುಲ್ಕ. 2021ರಿಂದ ಬ್ರಿಟನ್ನಿನಿಂದ ಬಂದರೂ ಇದೇ ಗೋಳು. ಜರ್ಮನಿ, ನೆದರ್‌ಲ್ಯಾಂಡ್ಸ್ ಮಾರಾಟಗಾರರನ್ನೇ ಹಿಡಿಯಿರಿ. ಡಿಸ್ಕನ್ನು ಕವರಿನಿಂದ ಹೊರತೆಗೆದು, ಒಳಚೀಲದ ಸಮೇತ ಕವರಿನ ಹಿಂಬದಿಗಿಟ್ಟು ಕಳಿಸಲು ಬರೆದು ತಿಳಿಸಿ. ಇಲ್ಲದಿದ್ದರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಸೀಳುತ್ತದೆ, ಬೆಲೆ ಅಲ್ಲೇ ಅರ್ಧ.

ತಟ್ಟೆಗಾಡಿ: ‘ಜೀವ’ವಂತೆ! ಹಾಡು ಬರೆದವನೇ ಹೊಸ ರೂಪ ಕೊಟ್ಟಿದ್ದಾನೆ, ನಿಮಗೆ ಮಾತ್ರ ಹಳೇ ಪ್ಲಾಸ್ಟಿಕ್ ಬೇಕು. ನನ್ನ ಕಪಾಟಿನಲ್ಲಿರುವುದು ‘ಲಿಂಡನ್’ ಮತ್ತು ‘ಚೆರ್ರಿ ಟ್ರೀಸ್’ ಎರಡೇ, ಕೊರತೆ ಏನೂ ಕಂಡಿಲ್ಲ. ಆ ಕಾಲದ ಬಿಡುಗಡೆಯಾಗದ ಹಾಡು, ಹಳೇ ಕ್ಯಾಸೆಟ್‌ನಲ್ಲಿ ಮಾತಾಡಿದ ಡೈರಿ ತುಣುಕು ಇವೆಲ್ಲ ಹಳೆಯದರಲ್ಲಿ ಎಲ್ಲಿವೆ? 2005ರ ‘ಓ ಯು ಆರ್ ಸೋ ಸೈಲೆಂಟ್ ಯೆನ್ಸ್’ ಸಂಕಲನವಂತೂ ಎಷ್ಟೋ ಮೊದಲೇ ಮಾಯವಾಗಿತ್ತು. ಅದರ ಜಾಗಕ್ಕೆ ಬಂದ ‘ಚೆರ್ರಿ’ ಇಲ್ಲದಿದ್ದರೆ ‘ಮೇಪಲ್ ಲೀವ್ಸ್’ ಹಾಡಿಗೆ ಒಂದೊಂದೇ ಇಪಿ (ಕೆಲವೇ ಹಾಡಿನ ಚಿಕ್ಕ ರೆಕಾರ್ಡ್) ಬೆನ್ನತ್ತಬೇಕಿತ್ತು.

ಇನ್ನೊಂದು. ಬೇರೆಯವರ ತುಣುಕು ಬಳಸಲು ಅವರ ಒಪ್ಪಿಗೆ ಬೇಕು. ತುಣುಕಿನ ಬದಲು ತಾವೇ ಮತ್ತೆ ನುಡಿಸಿದ ಕೂಡಲೇ ಹಕ್ಕಿನ ತಕರಾರು ಮುಗಿಯಿತು ಅನ್ನುವವರಿಗೆ: ಹಕ್ಕು ಎರಡು. ಧ್ವನಿಮುದ್ರಣದ್ದು ಒಂದು, ರಾಗ-ಸಾಹಿತ್ಯದ್ದು ಒಂದು. ಮತ್ತೆ ನುಡಿಸಿದರೆ ಮೊದಲನೆಯದು ಮಾತ್ರ ತಪ್ಪುತ್ತದೆ. ‘ಪಾಕೆಟ್‌ಫುಲ್ ಆಫ್ ಮನಿ’ ನಿಂತಿರುವುದೇ ಬೀಟ್ ಹ್ಯಾಪನಿಂಗ್ ತಂಡದ ‘ಗ್ರೇವ್‌ಡಿಗರ್ ಬ್ಲೂಸ್’ ಸಾಲಿನ ಮೇಲೆ. ಯಾರ ದನಿಯಲ್ಲಿ ಹಾಡಿದರೂ ಸಾಲು ಅವರದೇ.

ಸೂಜಿಮೊನೆ: ಅದೇ ನಾನು ಹೇಳಿದ್ದು. ‘ಬ್ಲ್ಯಾಕ್ ಕ್ಯಾಬ್’ ಹಾಡಿನಿಂದ ಲೆಫ್ಟ್ ಬ್ಯಾಂಕ್ ತಂಡದ ತುಣುಕು ತೆಗೆದರೆ ಉಳಿಯುವುದು ಕ್ಯಾಬ್ ಮಾತ್ರ.

ಸೀಡಿಪೆಟ್ಟಿಗೆ: ಇಬ್ಬರೂ ಎಲ್‌ಪಿ ಅಂತ ಜೀವ ಬಿಡುತ್ತಿದ್ದೀರಿ. 2007ರ ಸಿಡಿ ಕೊಂಡು ರಿಪ್ ಮಾಡಿ (ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ), ಮುಗಿಯಿತು. ತುಣುಕು ತುಂಬಿದ ಈ ದಟ್ಟ ಮಿಕ್ಸ್ ಎಲ್‌ಪಿಯ ಒಳಸುತ್ತಿಗೆ ಬಂದಾಗ ಸಾಧಾರಣ ಸೂಜಿಯಲ್ಲಿ ‘ಸ’ಕಾರವೆಲ್ಲ ಸೀಳುತ್ತದೆ. ಮಧ್ಯಕ್ಕೆ ಹೋದಂತೆ ಸುತ್ತು ಚಿಕ್ಕದು, ಅದೇ ಸದ್ದು ಕಡಿಮೆ ಜಾಗದಲ್ಲಿ ತುರುಕಿರುತ್ತದೆ. ರಿಪ್ ಮಾಡುವಾಗ ಸೆಕ್ಯೂರ್ ಮೋಡ್ (ತಪ್ಪು ಕಂಡರೆ ಮತ್ತೆ ಓದುವ ವಿಧಾನ), ಡ್ರೈವಿನ ಆಫ್‌ಸೆಟ್ (ಓದು ಶುರುವಾಗುವ ಜಾಗದ ವ್ಯತ್ಯಾಸ) ಸರಿಪಡಿಸಿ, ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲಿಗೆ ಇಳಿಸಿ, ಬೇರೆಯವರ ರಿಪ್‌ಗಳ ದಾಖಲೆಯಾದ ಅಕ್ಯುರೇಟ್‌ರಿಪ್ ಜೊತೆ ತಾಳೆ ನೋಡಿ. ಆಲ್ಬಂ ಟ್ಯಾಗಿನಲ್ಲಿ ‘2007 ಮೂಲ’ ಎಂದು ಕೈಯಾರೆ ಬರೆಯಿರಿ. ಕ್ಲೌಡ್‌ನ ಮ್ಯಾಚ್ ಆಯ್ಕೆ ಮುಚ್ಚಿರಿ. ಅದು ನಿಮ್ಮ ಫೈಲಿನ ಬದಲು ತನ್ನಲ್ಲಿರುವುದನ್ನು ತಂದಿಡುತ್ತದೆ.

ತಟ್ಟೆಗಾಡಿ: ಸಿಡಿಯವರ ಉಪದೇಶ ಒಂದು ಬಾಕಿ ಇತ್ತು.

ಹೊಸಬ_ಅಲ್ಲ: ಎಲ್ಲರೂ ‘ಕೋರ್ಟೆದಾಲ’ದಲ್ಲೇ ಸಿಕ್ಕಿಕೊಂಡಿದ್ದೀರಿ. ಸ್ವೀಡನ್ನಿನಲ್ಲಿ ಅದು ನಂಬರ್ ಒನ್ ಆಯಿತು ಅನ್ನುವುದೇ ಅದಕ್ಕೆ ಹಿಡಿದ ಗ್ರಹಚಾರ. 2004ರ ‘ವೆನ್ ಐ ಸೆಡ್ ಐ ವಾಂಟೆಡ್ ಟು ಬಿ ಯುವರ್ ಡಾಗ್’ ಮೊದಲು ತೊಗೊಳ್ಳಿ. 2001ರ ಯೋತೆಬೊರಿ ಗಲಭೆಯ ಹಾಡು ಅದರಲ್ಲೇ ಇದೆ. 2012ರ ‘ಐ ನೋ ವಾಟ್ ಲವ್ ಇಸಂಟ್’ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ತುಣುಕಿನ ಆಡಂಬರ ಇಲ್ಲದೆ ಪಿಯಾನೊ, ಸ್ಯಾಕ್ಸಫೋನ್ ಇಟ್ಟುಕೊಂಡೇ ನಿಲ್ಲುವ ರೆಕಾರ್ಡ್ ಅದು. 2017ರ ‘ಲೈಫ್ ವಿಲ್ ಸೀ ಯು ನೌ’ದಲ್ಲಿ ಮೈಯಲ್ಲಿ ಬೆಳೆದಿದ್ದ ಗಡ್ಡೆಯ 3ಡಿ ಪ್ರಿಂಟನ್ನು ಬಾರ್‌ಗೆ ತರುವವನ ಮೇಲೆ ಕುಣಿಯುವಂಥ ಹಾಡು ಮಾಡಿದ್ದಾನೆ! 2015ರ ‘ಪೋಸ್ಟ್‌ಕಾರ್ಡ್ಸ್’, ವಾರಕ್ಕೊಂದರಂತೆ 52 ಹಾಡು, ಬಿಡಬೇಡಿ. ಗಾಯಕಿ ಆನಿಕಾ ನೂರ್ಲಿನ್ ಜೊತೆ ಪತ್ರ ಬರೆದಂತೆ ಸರದಿಯಲ್ಲಿ ಹಾಡಿದ ‘ಕರೆಸ್ಪಾಂಡೆನ್ಸ್’ ಕೂಡ.

ಗಾನಪ್ರಿಯ: ಜೆನ್ಸ್ ಅಂತಲ್ಲವೇ?

ಹೊಸಬ_ಅಲ್ಲ: ಅಲ್ಲ. ಸ್ವೀಡಿಷ್‌ನಲ್ಲಿ ‘ಜೆ’ (J) ಅಕ್ಷರಕ್ಕೆ ಯಕಾರ.

ಸೂಜಿಮೊನೆ: ಹಾಗಾದರೆ ‘ಕೋರ್ಟೆದಾಲ’ವೂ ತಪ್ಪೇ. ಅಲ್ಲಿ ‘ರ’, ‘ತ’ ಕೂಡಿದರೆ ನಮ್ಮ ‘ಟ’ ಆಗುತ್ತದೆ, ರಕಾರ ಕೇಳುವುದೇ ಇಲ್ಲ. ಇಂಗ್ಲಿಷಿನವರಿಗೆ ಬಾಯಿ ತಿರುಗದ ಅಕ್ಷರ ನಮ್ಮ ವರ್ಣಮಾಲೆಯಲ್ಲೇ ಇದೆ, ಆದರೂ ನಾವು ಅವರ ಹಾಗೆ ಬರೆಯುವುದು.

ತಟ್ಟೆಗಾಡಿ: ಮೊದಲ ಮಾತಿನಿಂದಲೂ ನೀವೇ ‘ಹಳೆಯದೇ’ ಅಂತಿದ್ದವರು, ಈಗ ಉಚ್ಚಾರಣೆ ಮಾತ್ರ ಹೊಸದು ಬೇಕಾಯಿತೇ?

ನೀಲಿಕೊಡೆ: ಮೈಸೂರಿಗೆ ಒಯ್ಯುವ ವಿಷಯ ಯಾರೂ ಹೇಳಲಿಲ್ಲ…

ಸೀಡಿಪೆಟ್ಟಿಗೆ: ಕವರ್ ಸಮೇತ ಒಂದು ಎಲ್‌ಪಿ ಸುಮಾರು 300 ಗ್ರಾಂ ತೂಗುತ್ತದೆ, ಎಂಟಕ್ಕೆ ಎರಡೂವರೆ ಕೆಜಿ. ಕೈಚೀಲದಲ್ಲಿ ನಿಲ್ಲಿಸಿ ಒಯ್ಯಿರಿ, ಒಂದರ ಮೇಲೊಂದು ಮಲಗಿಸಿದರೆ ಬಾಗುತ್ತವೆ. ಪಿವಿಸಿ ಹೊರಚೀಲ ಇದ್ದರೆ ಊರಿಗೆ ಹೊರಡುವ ಮೊದಲೇ ತೆಗೆದು ಪಾಲಿಪ್ರೊಪಿಲೀನ್ ಹಾಕಿ. ಸೆಕೆಗೆ ಪಿವಿಸಿ ಬೆವರಿ ಡಿಸ್ಕಿನ ಮೇಲೆ ಮಂಜಿನಂಥ ಕಲೆ ಕೂರುತ್ತದೆ, ತೊಳೆದರೂ ಹೋಗುವುದಿಲ್ಲ. ಸಿಡಿ ಆಗಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ಸೂಜಿಮೊನೆ: ಸಿಡಿಗೂ ಬೂಸ್ಟು ಹಿಡಿಯುತ್ತದೆ, ಸ್ವಾಮಿ.