ಮೋಟರ್‌ಹೋಮ್‌ನ ಮುಂದಿನ ಸೀಟಿಗೆ ಅವ್ವ ಹತ್ತುವುದು ಹೇಗೆ?

ಪ್ರಶ್ನೆ – ಸಿದ್ದಾಪುರದ ಸದಸ್ಯರು

ನಮಸ್ಕಾರ ಮೇಡಂ. ಮಂಡಿನೋವಿನ ಬಗ್ಗೆ ನೀವು ಈ ಗುಂಪಿನಲ್ಲಿ ಕೊಡುವ ಉತ್ತರಗಳನ್ನು ಓದುತ್ತಿರುತ್ತೇನೆ. ನನ್ನದು ಅರ್ಧ ಮಂಡಿಯ ಪ್ರಶ್ನೆ, ಅರ್ಧ ವಾಹನದ ಪ್ರಶ್ನೆ.

ನಮ್ಮ ಟೆಂಪೋ ಟ್ರಾವೆಲರ್ ಅನ್ನು ಕಳೆದ ವರ್ಷ ಮಲಗಲು, ಅಡುಗೆ ಮಾಡಲು ಅನುಕೂಲವಾಗುವಂತೆ ಮೋಟರ್‌ಹೋಮ್ ಮಾಡಿಸಿದೆವು. ಅವ್ವನನ್ನು ಊರೂರು ಸುತ್ತಿಸಬೇಕೆಂಬುದೇ ಅದರ ಹಿಂದಿನ ಆಸೆ. ಅವ್ವನಿಗೆ 74 ವರ್ಷ, ಬಲ ಮಂಡಿ ಸವೆದಿದೆ. ಹಿಂದೆ ಕುಳಿತರೆ ಘಾಟಿಯ ತಿರುವುಗಳಲ್ಲಿ ತಲೆ ಸುತ್ತಿ ವಾಂತಿಯಾಗುತ್ತದೆ. ಹಾಗಾಗಿ ಮುಂದೆಯೇ ಕೂರಬೇಕು. ಆದರೆ ಮುಂದಿನ ಬಾಗಿಲು ಹತ್ತುವುದು ಅವರಿಗೆ ಗೋಡೆ ಹತ್ತಿದಂತಾಗಿದೆ. ನೆಲದಿಂದ ಫುಟ್‌ಬೋರ್ಡ್‌ಗೆ 46 ಸೆಂ.ಮೀ., ಅಲ್ಲಿಂದ ಕ್ಯಾಬಿನ್ ತಳಕ್ಕೆ 24, ತಳದಿಂದ ಸೀಟಿಗೆ 45. ನಾನೂ ತಮ್ಮನೂ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದೆವು. ಆಗಸ್ಟ್‌ನಲ್ಲಿ ಅಂಗಳದ ಪಾಚಿಯ ಮೇಲೆ ಅವರ ಕಾಲು ಜಾರಿತು. ಮೊಣಕಾಲ ಕೆಳಗಿನ ಮೂಳೆ ಫುಟ್‌ಬೋರ್ಡ್ ಅಂಚಿಗೆ ಬಡಿದು ಚರ್ಮ ಸುಲಿಯಿತು. ಅಂದಿನಿಂದ ‘ನೀವು ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ಳುತ್ತೇನೆ’ ಎನ್ನುತ್ತಿದ್ದಾರೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವುದನ್ನು ಅವರು ತಪ್ಪಿಸಿದವರಲ್ಲ. ಕೆಳಗೆ ಇನ್ನೊಂದು ಮೆಟ್ಟಿಲು ವೆಲ್ಡ್ ಮಾಡಿಕೊಡುವುದಾಗಿ ವೆಲ್ಡಿಂಗ್‌ನವರು ಹೇಳುತ್ತಿದ್ದಾರೆ. ಮಾಡಿಸಲೇ?

ಉತ್ತರ – ಫಿಸಿಯೋಥೆರಪಿಸ್ಟ್, ಮಡಿಕೇರಿ

ಈಗಲೇ ವೆಲ್ಡ್ ಮಾಡಿಸಬೇಡಿ. ಅದಕ್ಕಿಂತ ಮೊದಲು ಇನ್ನೊಂದು ಮಾತು: ಕಂಕುಳಿಗೆ ಕೈ ಕೊಟ್ಟು ಎತ್ತುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಆ ವಯಸ್ಸಿನ ಭುಜ ಅಂಥ ಎಳೆತವನ್ನು ತಾಳುವುದಿಲ್ಲ. ಇಬ್ಬರು ಎರಡು ಕಡೆ ಎಳೆಯುವಾಗ ಅವರ ಕಾಲು ಎಲ್ಲಿ ಊರಿದೆ ಎಂಬುದು ಅವರಿಗೂ ತಿಳಿಯದು, ನಿಮಗೂ ತಿಳಿಯದು. ಜಾರಿದ್ದಕ್ಕೆ ಪಾಚಿ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣವಾಗಿರಬಹುದು.

ನೀವು ಅಳತೆ ಕೊಟ್ಟಿರುವುದು ತುಂಬಾ ಉಪಕಾರವಾಯಿತು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲು 19 ಸೆಂ.ಮೀ.ಗಿಂತ ಎತ್ತರ ಇರಬಾರದು. ನಿಮ್ಮ ವಾಹನದ ಮೊದಲ ಹೆಜ್ಜೆಯೇ 46. ಅಂದರೆ ಎರಡೂವರೆ ಮೆಟ್ಟಿಲನ್ನು ಒಂದೇ ಸಲ ಏರಿ ಎಂದು ಸವೆದ ಮಂಡಿಗೆ ಹೇಳಿದ ಹಾಗೆ. ಸಾಧಾರಣ ಮೆಟ್ಟಿಲು ಏರುವಾಗಲೇ ಮಂಡಿಚಿಪ್ಪಿನ ಕೀಲಿನ ಮೇಲೆ ದೇಹದ ತೂಕದ ಸುಮಾರು ಮೂರು ಪಟ್ಟು ಒತ್ತಡ ಬೀಳುತ್ತದೆ. ಹೆಜ್ಜೆ ಎತ್ತರವಾದಷ್ಟೂ ಮಂಡಿ ಹೆಚ್ಚು ಮಡಚಬೇಕು, ಮಡಚಿದಷ್ಟೂ ಒತ್ತಡ ಏರುತ್ತದೆ.

23 ಸೆಂ.ಮೀ. ಎತ್ತರದ ಒಂದು ಮಣೆ ಕೆಳಗಿಟ್ಟರೆ ಏರುವ ಹಂತಗಳು 23, 23, 24 ಆಗುತ್ತವೆ. ಹಂತಗಳು ಸಮನಾಗಿರುವುದು ಬಹಳ ಮುಖ್ಯ, ಏಕೆಂದರೆ ಕಾಲು ಹಿಂದಿನ ಹೆಜ್ಜೆಯ ಎತ್ತರವನ್ನೇ ಮುಂದಿನ ಹೆಜ್ಜೆಗೂ ನಿರೀಕ್ಷಿಸುತ್ತದೆ. 23 ಕೂಡ ಅವ್ವನಿಗೆ ಹೆಚ್ಚಾಗಬಹುದು. ಮನೆಯ ಜಗಲಿಯ ಮೆಟ್ಟಿಲನ್ನು ಅಳೆದು ನೋಡಿ. ಅದನ್ನು ಅವರು ಕಂಬ ಹಿಡಿದು, ತೋಳಿನಿಂದ ಎಳೆದುಕೊಳ್ಳದೆ ಏರುತ್ತಾರೆಯೇ ಎಂದು ಗಮನಿಸಿ. ಅವರು ನೆಮ್ಮದಿಯಾಗಿ ಏರುವ ಎತ್ತರವೇ ನಿಮ್ಮ ಅಳತೆ. ಅದು 15–16 ಸೆಂ.ಮೀ. ಆದರೆ ಎರಡು ಹಂತದ ಮಣೆ ಮಾಡಿಸಿ.

ಆದರೆ ನನ್ನ ಅನುಭವದಲ್ಲಿ ಮೆಟ್ಟಿಲಿಗಿಂತ ಹೆಚ್ಚು ಕೆಲಸ ಮಾಡುವುದು ಹಿಡಿ. ಮೆಟ್ಟಿಲು ಮಂಡಿಯ ಭಾರವನ್ನು ಹಂಚುತ್ತದೆ, ಹಿಡಿ ಆ ಭಾರದ ಒಂದು ಪಾಲನ್ನು ತೋಳಿಗೆ ವರ್ಗಾಯಿಸುತ್ತದೆ. ಭಯವನ್ನು ಕಳೆಯುವುದೂ ಅದೇ, ಮತ್ತು ನಿಮ್ಮ ಅವ್ವ ಮನೆಯಲ್ಲೇ ಇರುತ್ತೇನೆ ಎನ್ನುತ್ತಿರುವುದು ನೋವಿಗಿಂತ ಭಯದಿಂದ ಎಂದು ನನಗೆ ಅನ್ನಿಸುತ್ತದೆ. ಎರಡು ಹಿಡಿ ಬೇಕು. ಎಡ ಬಾಗಿಲಿಗೆ ಎದುರಾಗಿ ನಿಂತಾಗ ಎಡಗೈಗೆ ಮುಂಗಾಜಿನ ಪಕ್ಕದ ಕಂಬದಲ್ಲಿ ಒಂದು, ಬಲಗೈಗೆ ಸೀಟಿನ ಹಿಂಬದಿಯ ಕಂಬದಲ್ಲಿ ಒಂದು. ಮುಷ್ಟಿ ಪೂರ್ತಿ ಸುತ್ತಿಕೊಳ್ಳುವಂತೆ 32ರಿಂದ 38 ಮಿ.ಮೀ. ದಪ್ಪವಿರಲಿ. ಕೆಳಗೆ ನಿಂತಾಗಲೂ ಮೇಲೆ ನಿಂತಾಗಲೂ ಕೈಗೆ ಸಿಗುವಷ್ಟು ಉದ್ದವಿರಲಿ. ಬಾಗಿಲನ್ನು ಮಾತ್ರ ಹಿಡಿಯಬಾರದು. ಎಲ್ಲರೂ ಹಿಡಿಯುವುದು ಅದನ್ನೇ, ಆದರೆ ಕೀಲಿನ ಮೇಲೆ ತಿರುಗುವ ವಸ್ತು ಬೀಳುವವರನ್ನು ತಡೆಯುವುದಿಲ್ಲ, ಜೊತೆಗೆ ಕರೆದೊಯ್ಯುತ್ತದೆ.

ಇನ್ನು ಹತ್ತುವ ಕ್ರಮ. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಮಣೆ ಕಿರಿದಾಗಿದ್ದರೆ ಒಂದೊಂದು ಹಂತಕ್ಕೆ ಒಂದೊಂದು ಕಾಲು ಇಡಬೇಕಾಗುತ್ತದೆ. ಆಗ ಹಂತಗಳ ಲೆಕ್ಕದ ಮೇಲೆ ಯಾವುದೋ ಒಂದು ಎತ್ತರ ನೋಯುವ ಕಾಲಿನ ಪಾಲಿಗೆ ಬಂದೇ ಬರುತ್ತದೆ. ಆದ್ದರಿಂದ ಮಣೆ ಎರಡೂ ಪಾದ ಊರಿ ನಿಲ್ಲುವಷ್ಟು ಅಗಲವಿರಲಿ, 45ಕ್ಕೆ 35 ಸೆಂ.ಮೀ. ಸಾಕು. ಅವ್ವ ಎಡಗಾಲನ್ನು ಮಣೆಯ ಮೇಲಿಟ್ಟು ಏರಿ, ಬಲಗಾಲನ್ನೂ ಅಲ್ಲಿಗೇ ತಂದು, ಒಂದು ಉಸಿರು ನಿಲ್ಲಲಿ. ಮತ್ತೆ ಎಡಗಾಲು ಫುಟ್‌ಬೋರ್ಡ್‌ಗೆ, ಬಲಗಾಲೂ ಅಲ್ಲಿಗೇ. ಅಲ್ಲಿಂದ ಕ್ಯಾಬಿನ್ ತಳಕ್ಕೆ ಕಾಲಿಡುವ ಅಗತ್ಯವೇ ಇಲ್ಲ. ನಿಮ್ಮ ಅಳತೆಯಂತೆ ಸೀಟು ಫುಟ್‌ಬೋರ್ಡ್‌ನಿಂದ 69 ಸೆಂ.ಮೀ. ಮೇಲಿದೆ. ಅವ್ವನ ಪೃಷ್ಠದ ಕೆಳಗಿನ ಮಡಿಕೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಮನೆಯಲ್ಲಿ ಅಳೆಯಿರಿ. 70ರ ಆಸುಪಾಸು ಇದ್ದರೆ ಫುಟ್‌ಬೋರ್ಡ್ ಮೇಲೆ ನಿಂತು, ಒಂದು ಕೈಯಾದರೂ ಹಿಡಿಯ ಮೇಲೆ ಇರುವಂತೆ, ಬೆನ್ನನ್ನು ಸೀಟಿನ ಕಡೆ ತಿರುಗಿಸಿ ಅಂಚಿನಲ್ಲಿ ಕುಳಿತುಬಿಡಬಹುದು. ಆಮೇಲೆ ತೊಡೆಯ ಕೆಳಗೆ ಕೈ ಕೊಟ್ಟು ಬಲಗಾಲನ್ನು ಒಳಗೆ ತಂದುಕೊಂಡು, ಎಡಗಾಲನ್ನು ತಂದರಾಯಿತು. ಬಲ ಮಂಡಿ ಒಮ್ಮೆಯೂ ದೇಹವನ್ನು ಎತ್ತಬೇಕಾಗಿಲ್ಲ.

ಸೀಟಿನ ಮೇಲೆ ಜಾರುವ ಬಟ್ಟೆ ಹಾಸಿದರೆ ತಿರುಗುವುದು ಹಗುರ. ಆದರೆ ವಾಹನ ಹೊರಡುವ ಮೊದಲು ಅದನ್ನು ತೆಗೆದೇ ತೀರಬೇಕು; ಬ್ರೇಕ್ ಹಾಕಿದಾಗ ಅವರು ಬೆಲ್ಟ್ ಅಡಿಯಿಂದ ಮುಂದಕ್ಕೆ ಜಾರಬಹುದು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಬೀಳುವ ಅಪಾಯವೂ ಅಲ್ಲೇ ಹೆಚ್ಚು. ಎರಡು ಗಂಟೆ ಕುಳಿತ ಮಂಡಿ ಬಿಗಿದಿರುತ್ತದೆ. ವಾಹನ ನಿಂತ ಮೇಲೆ ಕುಳಿತಲ್ಲೇ ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಮಂಡಿಯನ್ನು ನಾಲ್ಕೈದು ಸಲ ನೀಡಿ ಮಡಚಲಿ. ನಂತರ ಬಂದ ದಾರಿಯಲ್ಲೇ: ಕಾಲು ಹೊರಗೆ, ಫುಟ್‌ಬೋರ್ಡ್ ಮೇಲೆ ನಿಲ್ಲುವುದು, ವಾಹನಕ್ಕೆ ಮುಖ ಮಾಡುವುದು, ಬಲಗಾಲು ಮೊದಲು ಕೆಳಗೆ. ಕೊಡವ ಸೀರೆ ಉಟ್ಟಿದ್ದರೆ ನೆರಿಗೆ ಹಿಂದೆ ಇರುತ್ತದೆ. ಹೀಗೆ ಹಿಮ್ಮುಖವಾಗಿ ಇಳಿಯುವಾಗ ಅದರ ಅಂಚು ಹಿಮ್ಮಡಿಗೆ ಸಿಕ್ಕಬಹುದು, ಆ ಹೊತ್ತು ಕೆಳಗೆ ನಿಂತವರು ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿಯಲಿ. ನಿಮ್ಮಿಬ್ಬರ ಕೈಗಳಿಗೆ ಇನ್ನು ಮುಂದೆ ಇದೇ ಕೆಲಸ.

ತೋಟದಲ್ಲಿ ಕಾಫಿ ಮೂಟೆ ಲಾರಿಗೆ ಏರಿಸುವ ಕಟ್ಟೆ ಇದೆಯೇ? ಅದರ ಪಕ್ಕಕ್ಕೆ ಎಡ ಬಾಗಿಲು ಬರುವಂತೆ ನಿಲ್ಲಿಸಿದರೆ ಮನೆಯಲ್ಲಿ ಮಣೆಯೇ ಬೇಡವಾಗಬಹುದು. ಕಟ್ಟೆ ಫುಟ್‌ಬೋರ್ಡ್‌ಗಿಂತ ಎತ್ತರವಿದ್ದರೆ ಬಾಗಿಲು ತೆರೆಯಲು ಜಾಗ ಸಿಗುತ್ತದೆಯೇ ನೋಡಿಕೊಳ್ಳಿ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಬೇಡಿ, ಬಾಗಿಲು ತಾನಾಗಿಯೇ ಬೀಸಿ ತೆರೆದುಕೊಳ್ಳುತ್ತದೆ.

ಪ್ರಶ್ನೆ – ಸೋಮವಾರಪೇಟೆಯ ಸದಸ್ಯೆ

ಮೋಟರ್‌ಹೋಮ್ ಎಂದ ಮೇಲೆ ಹಿಂದೆ ಮನೆಯ ಬಾಗಿಲು ಇರುತ್ತದಲ್ಲವೇ? ಅಲ್ಲಿಂದ ಹತ್ತಿ ಒಳಗಿನಿಂದಲೇ ಮುಂದಿನ ಸೀಟಿಗೆ ನಡೆದು ಹೋಗಬಹುದಲ್ಲ?

ಉತ್ತರ – ಫಿಸಿಯೋಥೆರಪಿಸ್ಟ್

ಇದು ಎಲ್ಲಕ್ಕಿಂತ ಒಳ್ಳೆಯ ದಾರಿ. ಮೊದಲೇ ಕೇಳಬೇಕಿತ್ತು, ನನಗೆ ಹೊಳೆಯಲಿಲ್ಲ. ಪಕ್ಕದ ಬಾಗಿಲಿಗೆ ಮೆಟ್ಟಿಲು ಕೂರಿಸಲು ಜಾಗ ಹೆಚ್ಚು, ಎರಡೂ ಕಡೆ ಉದ್ದ ಹಿಡಿ ಹಾಕಬಹುದು. ಕೆಲವು ಮೋಟರ್‌ಹೋಮ್‌ಗಳಲ್ಲಿ ಮುಂದಿನ ಸೀಟು ಹಿಂದಕ್ಕೆ ತಿರುಗುತ್ತದೆ. ನಿಂತಿರುವಾಗ ಅದರಲ್ಲಿ ಕುಳಿತು ಮುಂದಕ್ಕೆ ತಿರುಗಿಸಿ ಬೀಗ ಬಿದ್ದಿದೆಯೇ ನೋಡಿಕೊಂಡರಾಯಿತು. ಸಿದ್ದಾಪುರದವರೇ, ನಿಮ್ಮದರಲ್ಲಿ ಎರಡು ಸೀಟುಗಳ ನಡುವೆ ದಾರಿ ಇದೆಯೇ?

ಸಿದ್ದಾಪುರದ ಸದಸ್ಯರು

ಇಲ್ಲ ಮೇಡಂ. ನಡುವೆ ಎಂಜಿನ್ ಉಬ್ಬು ಇದೆ, ಅದರ ಹಿಂದೆಯೇ ಅಡುಗೆಯ ಕಪಾಟು. ಅವ್ವ ಅದನ್ನು ದಾಟಲಾರರು. ಹಿಡಿ ಮತ್ತು ಮೆಟ್ಟಿಲು ಕೂರಿಸುವ ಬಗ್ಗೆ ಬಾಡಿ ಕಟ್ಟುವವರು ಯಾರಾದರೂ ಹೇಳುವಿರಾ?

ಉತ್ತರ – ಬಾಡಿ ಕಟ್ಟುವವರು, ಕುಶಾಲನಗರ

ಅಣ್ಣಾ, ಮೇಡಂ ಹೇಳಿದ್ದು ಸರಿ, ಕಾಯಂ ಮೆಟ್ಟಿಲು ಬೇಡ. ನೆಲದಿಂದ 23 ಸೆಂ.ಮೀ. ಎತ್ತರದಲ್ಲಿ ಬದಿಗೆ ಚಾಚಿದ ಮೆಟ್ಟಿಲು ನಿಮ್ಮ ತೋಟದ ರಸ್ತೆಯ ಮೊದಲ ಕಲ್ಲಿಗೇ ಬಡಿಯುತ್ತದೆ. ಬಡಿದಾಗ ಮೆಟ್ಟಿಲು ಬಾಗುವುದಲ್ಲದೆ ಅದನ್ನು ಹಿಡಿದಿರುವ ತಗಡನ್ನೂ ಹರಿಯುತ್ತದೆ. ಬೇಕೇ ಬೇಕೆಂದರೆ ಮಡಚುವಂಥದ್ದನ್ನು ಬೋಲ್ಟ್ ಹಾಕಿ ಕೂರಿಸಿ, ಮಡಚಿದಾಗ ಬಾಡಿಯ ಅಂಚಿನಿಂದ ಒಳಗಿರಬೇಕು. ಮೋಟಾರು ವಾಹನ ಕಾಯಿದೆಯ 52ನೇ ಕಲಮು ನೋಂದಣಿ ಪುಸ್ತಕದ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ಹೊರಗೆ ಚಾಚುವ ಏನನ್ನಾದರೂ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಚಾಸಿಗೆ, ಅಂದರೆ ವಾಹನದ ಅಡಿಯ ಚೌಕಟ್ಟಿಗೆ, ವೆಲ್ಡ್ ತಾಗಿಸಬೇಡಿ, ಬಿಸಿ ತಾಗಿದ ಜಾಗದಲ್ಲೇ ಮುಂದೆ ಬಿರುಕು ಬಿಡುತ್ತದೆ.

ಹಿಡಿಯ ವಿಷಯ. ಪ್ಲಾಸ್ಟಿಕ್ ಹೊದಿಕೆಗೆ ತಿರುಪು ಬಿಗಿದು ಹೋಗುವವರನ್ನು ನೋಡಿದ್ದೇನೆ, ಅದು ಒಂದು ದಿನ ಕೈಯಲ್ಲೇ ಕಿತ್ತು ಬರುತ್ತದೆ. ಹೊದಿಕೆ ಬಿಚ್ಚಿ, ಕಂಬದ ಕಬ್ಬಿಣಕ್ಕೆ, ಹಿಂದೆ ಪಟ್ಟಿ ಕೊಟ್ಟು 8 ಮಿ.ಮೀ. ಬೋಲ್ಟ್ ಹಾಕಬೇಕು. ಕೆಲವು ವಾಹನಗಳಲ್ಲಿ ಕಂಪನಿಯೇ ತೂತು ಬಿಟ್ಟಿರುತ್ತದೆ, ಮೊದಲು ಅದನ್ನು ಹುಡುಕಿ. ಕಂಬದಲ್ಲಿ ಏರ್‌ಬ್ಯಾಗ್ ಇರುವ ವಾಹನವಾದರೆ ಅಲ್ಲಿ ಡ್ರಿಲ್ ಹಾಕಲೇಬಾರದು. ಹಿಂದಿನ ಕಂಬಕ್ಕೆ ಸುಲಭ ಉಪಾಯವಿದೆ: ಬಾಗಿಲಿನ ಚಿಲಕ ಕಚ್ಚಿಕೊಳ್ಳುವ ಯು ಆಕಾರದ ಕೊಂಡಿಗೆ ಸಿಕ್ಕಿಸುವ ಬಿಡಿ ಹಿಡಿ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿ ಕುಳಿತ ಮೇಲೆ ತೆಗೆದು ಬಾಗಿಲು ಹಾಕಬೇಕು. ನಿಮ್ಮ ವಾಹನದ ಕೊಂಡಿ ಆ ಆಕಾರದ್ದೇ ಎಂದು ನೋಡಿ ಕೊಳ್ಳಿ.

ಮಣೆಯನ್ನು ನಿಮ್ಮ ತೋಟದ ಮರದಲ್ಲೇ ಮಾಡಿಸಬಹುದು. ಹಲಸು ಗಟ್ಟಿ, ಆದರೆ ಭಾರ. ದಿನಾ ಎತ್ತಿ ಇಡುವವರಿಗೆ ಸಿಲ್ವರ್ ಓಕ್ ಹಗುರ. ಕಾಲುಗಳು ಮೇಲಿನ ಹಲಗೆಗಿಂತ ಸ್ವಲ್ಪ ಹೊರಗೆ ಚಾಚಿರಲಿ, ಅಂಚಿನಲ್ಲಿ ಕಾಲಿಟ್ಟರೂ ಮಗುಚಬಾರದು. ಅಡಿಗೆ ಹಳೆಯ ಟಯರಿನ ತುಂಡು ಹೊಡೆಸಿ. ಮಣೆಗೆ ಒಂದು ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಅವ್ವ ಕುಳಿತ ಮೇಲೆ ಬಾಗಿಲ ಹಿಡಿಗೆ ಸಿಕ್ಕಿಸಿ. ಹೊರಡುವಾಗ ಮಣೆಯನ್ನು ಮರೆತು ಬಿಟ್ಟುಹೋಗುವುದು ತಪ್ಪುತ್ತದೆ.

ಪ್ರಶ್ನೆ – ಗೋಣಿಕೊಪ್ಪದ ಸದಸ್ಯೆ

ನನಗೆ ಮಂಡಿನೋವಿಲ್ಲ, ಎತ್ತರ ಮಾತ್ರ ನಾಲ್ಕು ಅಡಿ ಹನ್ನೊಂದು ಇಂಚು. ನಮ್ಮ ಕ್ಯಾರವಾನ್ ಓಡಿಸುವವಳು ನಾನೇ. ಸ್ಟೇರಿಂಗ್ ಹಿಡಿದು ಎಳೆದುಕೊಂಡು ಹತ್ತುತ್ತೇನೆ, ಇಳಿಯುವಾಗ ಹಾರುತ್ತೇನೆ. ಈಚೆಗೆ ಹಿಮ್ಮಡಿ ನೋಯುತ್ತಿದೆ.

ಉತ್ತರ – ಫಿಸಿಯೋಥೆರಪಿಸ್ಟ್

ಹಾರುವುದನ್ನು ಬಿಡಿ, ಹಿಮ್ಮಡಿ ಅದನ್ನೇ ಹೇಳುತ್ತಿದೆ. ಲಾರಿ ಚಾಲಕರಿಗೆ ಕಲಿಸುವ ಮೂರು ಆಸರೆಯ ನಿಯಮ ನಿಮಗೂ ಸಾಕು: ಎರಡು ಕೈ ಒಂದು ಕಾಲು, ಅಥವಾ ಎರಡು ಕಾಲು ಒಂದು ಕೈ, ಯಾವ ಗಳಿಗೆಯಲ್ಲೂ ಇವುಗಳಲ್ಲಿ ಮೂರು ಊರಿಕೊಂಡಿರಬೇಕು. ವಾಹನಕ್ಕೆ ಮುಖ ಮಾಡಿಯೇ ಇಳಿಯಬೇಕು. ಬಲ ಬಾಗಿಲಿನಲ್ಲಿ ಬಲಗಾಲು ಫುಟ್‌ಬೋರ್ಡ್‌ಗೆ, ಎಡಗಾಲು ಒಳಕ್ಕೆ. ಸ್ಟೇರಿಂಗ್ ತಿರುಗುವ ವಸ್ತು, ಅದರ ಬದಲು ಕಂಬಕ್ಕೆ ಹಿಡಿ ಹಾಕಿಸಿ. ಒಂದು ವಾರದಲ್ಲಿ ಹಿಮ್ಮಡಿ ಸುಧಾರಿಸದಿದ್ದರೆ ಯಾರಿಗಾದರೂ ತೋರಿಸಿ.

ಸಿದ್ದಾಪುರದ ಸದಸ್ಯರು

ಮೇಡಂ, ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮಡಿಕೆಯ ಎತ್ತರ 71 ಬಂತು. ಜಗಲಿಯ ಮೆಟ್ಟಿಲು 18. ಅದನ್ನು ಅವ್ವ ಆರಾಮವಾಗಿ ಏರುತ್ತಾರೆ, 23 ಇಟ್ಟಾಗ ಕೈಯಿಂದ ಎಳೆದುಕೊಂಡರು. ಅದಕ್ಕೆ ಎರಡು ಹಂತದ ಮಣೆ ಮಾಡಿಸಿದೆ: 15, 15, ಅಲ್ಲಿಂದ ಫುಟ್‌ಬೋರ್ಡ್‌ಗೆ 16. ಎರಡು ಹಿಡಿಯೂ ಬಂದಿವೆ. ನಿನ್ನೆ ಕಣದಲ್ಲಿ ವಾಹನ ನಿಲ್ಲಿಸಿ ನಾಲ್ಕು ಸಲ ಹತ್ತಿ ಇಳಿದರು. ನಾಲ್ಕನೆಯ ಸಲ ನನ್ನನ್ನು ದೂರ ನಿಲ್ಲಲು ಹೇಳಿದರು. ಭಾಗಮಂಡಲದಿಂದ ತಲಕಾವೇರಿಗೆ ಇರುವ 8 ಕಿ.ಮೀ. ಮುಂದೆಯೇ ಕುಳಿತು ನೋಡುತ್ತಾರಂತೆ. ಈಗ ಬಡಗಿ ಕೇಳುತ್ತಿದ್ದಾರೆ, ಮಣೆಗೆ ವಾರ್ನಿಷ್ ಹಾಕಲೇ, ಹಾಗೇ ಬಿಡಲೇ?

ಉತ್ತರ – ಫಿಸಿಯೋಥೆರಪಿಸ್ಟ್

ಓದಿ ಬಹಳ ಸಂತೋಷವಾಯಿತು. ಕಾಲಿಡುವ ಮೇಲ್ಮೈಗೆ ವಾರ್ನಿಷ್ ಬೇಡವೇ ಬೇಡ, ಒದ್ದೆಯಾದರೆ ಗಾಜಿನಂತೆ ಜಾರುತ್ತದೆ. ಬದಿಗೂ ಅಡಿಗೂ ಹಾಕಿಸಿ, ಮೇಲೆ ಒರಟು ರಬ್ಬರ್ ಹಾಳೆಯನ್ನು ಅಂಚಿನವರೆಗೂ ಅಂಟಿಸಿ, ಚಿಕ್ಕ ಮೊಳೆ ಹೊಡೆಸಿ. ಪ್ರತಿ ಹಂತದ ಅಂಚಿಗೆ ಎರಡು ಬೆರಳಗಲ ಬಿಳಿ ಬಣ್ಣ ಬಳಿಸಿ. ತಲಕಾವೇರಿಯ ಮಂಜಿನಲ್ಲಿ, ಮುಂಜಾನೆಯ ಮಬ್ಬಿನಲ್ಲಿ ಇಳಿಯುವಾಗ ಅಂಚು ಎಲ್ಲಿ ಮುಗಿಯುತ್ತದೆ ಎಂದು ಅವ್ವನ ಕಣ್ಣಿಗೆ ಕಾಣಬೇಕು. ಇಳಿಯುವ ಜಾಗದಲ್ಲಿ ಹಾಸಲು ಒಂದು ಗೋಣಿಚೀಲವೂ ವಾಹನದಲ್ಲಿರಲಿ. ಕೆಸರಿನಲ್ಲಿ ಮಣೆಯ ಕಾಲು ಒಂದು ಬದಿ ಹೂತರೆ ಅದು ವಾಲುತ್ತದೆ. ಅವ್ವ ಕಾಲಿಡುವ ಮೊದಲು ನೀವು ಒಮ್ಮೆ ಅದರ ಮೇಲೆ ಹತ್ತಿ ನಿಂತು ನೋಡಿ.