ಟರಿಟೆಲ್ಲಾ ಪಳೆಯುಳಿಕೆ: ಮೂರರ ಬದಲು ಎರಡೇ ಏಣುಗಳಿದ್ದರೆ ಹೊಸ ಪ್ರಭೇದವೆನ್ನಬಹುದೇ?

ಪ್ರಶ್ನೆ: ಸುರುಳಿ

ಮಯೊಸೀನ್ ಕಾಲದ (ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷಗಳ ಹಿಂದಿನ) ಜೇಡಿಪದರವೊಂದರಲ್ಲಿ ದೊರೆತ ಏಳು ಸಮುದ್ರ ಬಸವನಹುಳುಗಳ ಚಿಪ್ಪುಗಳು ನನ್ನ ಬಳಿ ಇವೆ. ತಿರುಪುಮೊಳೆಯಂತೆ ನೀಳವಾಗಿ ತುದಿಯತ್ತ ಚೂಪಾಗುವ ಆಕಾರ, ದುಂಡನೆಯ ಸಣ್ಣ ಬಾಯಿ, ಪ್ರತಿ ಸುತ್ತಿನ ಮೇಲೂ ಸುರುಳಿಗುಂಟ ಸಾಗುವ, ಉಬ್ಬಿದ ಗೆರೆಗಳಂಥ ಏಣುಗಳು, ಇವನ್ನೆಲ್ಲ ನೋಡಿದರೆ ಅವು ಟರಿಟೆಲ್ಲಾ ಕುಲಕ್ಕೋ ಅದಕ್ಕೆ ತೀರ ಹತ್ತಿರದ ಕುಲಕ್ಕೋ ಸೇರಿದವೆಂಬುದರಲ್ಲಿ ನನಗೆ ಸಂಶಯವಿಲ್ಲ. ಇದೇ ಪದರದಿಂದ ಬಹಳ ಹಿಂದೆ ವರ್ಣಿತವಾದ ಪ್ರಭೇದವೊಂದರಲ್ಲಿ ಸುತ್ತಿಗೆ ಮೂರು ಎದ್ದುಕಾಣುವ ಏಣುಗಳಿವೆ. ನನ್ನ ಏಳರ ಪೈಕಿ ಐದರಲ್ಲಿ ಎರಡೇ ಇವೆ. ಉಳಿದೆರಡರಲ್ಲಿ ಮೂರನೆಯದು ಕೂದಲೆಳೆಯಷ್ಟು ತೆಳ್ಳಗೆ ಕಾಣುತ್ತದೆ. ಒಂದನ್ನು ಬಿಟ್ಟು ಎಲ್ಲದರ ತುದಿಯೂ ಮುರಿದಿದೆ.

ಇಷ್ಟು ವ್ಯತ್ಯಾಸ ಹೊಸ ಪ್ರಭೇದವೆಂದು ವರ್ಣಿಸಲು ಸಾಕೇ? ಸಾಕೆಂದಾದರೆ ವರ್ಣನೆಯಲ್ಲಿ ಏನೇನಿರಬೇಕು, ಹೆಸರಿಡುವಾಗ ಯಾವ ನಿಯಮಗಳನ್ನು ಪಾಲಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ. ಹೆಸರೊಂದನ್ನು ಆಗಲೇ ಯೋಚಿಸಿಟ್ಟಿದ್ದೇನೆ ಎಂಬುದನ್ನೂ ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಉತ್ತರ: ಪದರಶಿಲೆ

ಏಣುಗಳು ಎರಡೋ ಮೂರೋ ಎಂದು ಎಣಿಸುವ ಮೊದಲು, ಮೂರನೆಯದು ಅಲ್ಲಿ ಹುಟ್ಟಲೇ ಇಲ್ಲವೋ ಅಥವಾ ಹುಟ್ಟಿ ಅಳಿಸಿಹೋಯಿತೋ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಸಮುದ್ರತಳದಲ್ಲಿ ಉರುಳಿ ಸವೆದ ಚಿಪ್ಪಿನಲ್ಲಿ ತೆಳುವಾದ ಏಣು ಮೊದಲು ಮಾಯವಾಗುತ್ತದೆ, ದಪ್ಪನೆಯದು ಉಳಿಯುತ್ತದೆ. ಆಗ ಸವೆತವೇ ಹೊಸ ಪ್ರಭೇದದ ವೇಷ ಹಾಕಿಕೊಂಡು ನಮ್ಮೆದುರು ನಿಲ್ಲುತ್ತದೆ. ಎರಡು ಸುತ್ತುಗಳು ಕೂಡುವ ಸಂಧಿರೇಖೆಯ ಪಕ್ಕದಲ್ಲಿ, ಬಾಯಿಯ ಒಳಬದಿಯಲ್ಲಿ, ಇನ್ನೂ ಜೇಡಿ ಅಂಟಿಕೊಂಡಿರುವ ಕಡೆಗಳಲ್ಲಿ ಮೂಲ ಮೇಲ್ಮೈ ಉಳಿದಿರುವ ಸಂಭವ ಹೆಚ್ಚು. ಆ ಜಾಗಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಓರೆ ಬೆಳಕಿನಲ್ಲಿ ನೋಡಿ. ಬೆಳವಣಿಗೆ ಗೆರೆಗಳು ಸ್ಪಷ್ಟವಾಗಿದ್ದೂ ಮೂರನೆಯ ಏಣು ಇಲ್ಲವಾದರೆ ಮಾತ್ರ ಅದು ನಿಜವಾಗಿಯೂ ಇಲ್ಲ ಎನ್ನಬಹುದು.

ಎರಡನೆಯದಾಗಿ, ಈ ಗುಂಪಿನಲ್ಲಿ ಏಣುಗಳ ಸಂಖ್ಯೆ ವಯಸ್ಸಿನೊಂದಿಗೆ ಬದಲಾಗುತ್ತದೆ. ಮೊದಮೊದಲ ಸುತ್ತುಗಳಲ್ಲಿ ಒಂದೋ ಎರಡೋ ಮುಖ್ಯ ಏಣುಗಳು ತಲೆಯೆತ್ತುತ್ತವೆ. ಚಿಪ್ಪು ಬೆಳೆದಂತೆ ಅವುಗಳ ನಡುವೆ ಕಿರು ಏಣುಗಳು ಸೇರಿಕೊಳ್ಳುತ್ತವೆ. ಆದ್ದರಿಂದ ನಿಮ್ಮ ಚಿಪ್ಪಿನ ನಡುಸುತ್ತನ್ನು ಹಳೆಯ ಚಿತ್ರದಲ್ಲಿರುವ ಕೊನೆಯ ಸುತ್ತಿನೊಂದಿಗೆ ಹೋಲಿಸಿದರೆ ಉತ್ತರ ತಪ್ಪುವುದು ಖಚಿತ. ತುದಿ ಮುರಿದಿರುವುದರಿಂದ ಎಷ್ಟನೆಯ ಸುತ್ತು ಎಂದು ಎಣಿಸುವಂತಿಲ್ಲ; ಸಮಾನ ವ್ಯಾಸವುಳ್ಳ ಸುತ್ತುಗಳನ್ನು ಆರಿಸಿ ಹೋಲಿಸುವುದೊಂದೇ ದಾರಿ. ಇದೇ ಕಾರಣದಿಂದ ಒಟ್ಟು ಎತ್ತರಕ್ಕಿಂತ ತುದಿಯ ಕೋನ, ಸುತ್ತಿನ ಅಗಲ ಮತ್ತು ಎತ್ತರಗಳ ಅನುಪಾತ, ಇವು ಹೆಚ್ಚು ಉಪಯುಕ್ತ ಅಳತೆಗಳು.

ಇನ್ನು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ತುದಿ ಉಳಿದಿರುವ ಆ ಒಂದೇ ಚಿಪ್ಪು. ಟರಿಟೆಲ್ಲಾ ಬಂಧುಗಳ ವರ್ಗೀಕರಣದಲ್ಲಿ ಮೂರು ಲಕ್ಷಣಗಳಿಗೆ ಹೆಚ್ಚಿನ ತೂಕವಿದೆ: ತುದಿಯಲ್ಲಿರುವ ಲಾರ್ವಾ ಹಂತದ ಚಿಪ್ಪು, ಮುಖ್ಯ ಏಣುಗಳು ಯಾವ ಕ್ರಮದಲ್ಲಿ ಮೂಡುತ್ತವೆ ಎಂಬುದು, ಮತ್ತು ಬೆಳವಣಿಗೆ ಗೆರೆಗಳ ಬಾಗು. ಬೆಳವಣಿಗೆ ಗೆರೆಯೆಂದರೆ ಒಂದು ಕಾಲದಲ್ಲಿ ಬಾಯಿಯ ಹೊರತುಟಿ ಇದ್ದ ಅಂಚು. ತುಟಿ ಮುರಿದುಹೋದ ಚಿಪ್ಪಿನಲ್ಲೂ ಅದರ ಆಕಾರವನ್ನು ಆ ಗೆರೆ ಕಾಪಾಡಿಕೊಂಡಿರುತ್ತದೆ. ಲಾರ್ವಾ ಚಿಪ್ಪು ಇನ್ನೂ ಸ್ವಾರಸ್ಯಕರ. ಅದು ಸಣ್ಣ ಆರಂಭಬಿಂದುವಿನಿಂದ ಹೊರಟು ಹಲವು ಸುತ್ತುಗಳನ್ನು ಹೊಂದಿದ್ದರೆ, ಮರಿಯು ನೀರಿನಲ್ಲಿ ತೇಲುತ್ತ ಪ್ಲವಕಗಳೆಂಬ ತೇಲುವ ಸೂಕ್ಷ್ಮಜೀವಿಗಳನ್ನು ತಿಂದು ದೀರ್ಘಕಾಲ ಬದುಕಿತ್ತೆಂದು ಸಾಮಾನ್ಯವಾಗಿ ಅರ್ಥೈಸುತ್ತಾರೆ. ದಪ್ಪನೆಯ ಆರಂಭ ಮತ್ತು ಒಂದೆರಡೇ ಸುತ್ತುಗಳಿದ್ದರೆ, ಮೊಟ್ಟೆಯೊಳಗಿನ ಆಹಾರದಿಂದಲೇ ಬೆಳೆದು ಬಹುಬೇಗ ತಳಕ್ಕಿಳಿಯಿತೆಂದು. ಪ್ರೌಢ ಚಿಪ್ಪುಗಳು ಒಂದೇ ತೆರನಾಗಿದ್ದರೂ ಲಾರ್ವಾ ಚಿಪ್ಪುಗಳು ಹೀಗೆ ಬೇರೆಬೇರೆಯಾಗಿದ್ದರೆ, ಒಂದು ಏಣಿನ ಕೊರತೆಗಿಂತ ಅದು ಎಷ್ಟೋ ಪಾಲು ಬಲವಾದ ಆಧಾರ.

ಒಂದೇ ಮಾದರಿಯಿಂದಲೂ ಪ್ರಭೇದವನ್ನು ವರ್ಣಿಸಲು ನಿಯಮದ ಅಡ್ಡಿಯಿಲ್ಲ. ಆದರೆ ನಿಮ್ಮ ಕೂದಲೆಳೆಯ ಏಣು ನನ್ನನ್ನು ಕಾಡುತ್ತಿದೆ. ಎರಡಕ್ಕೂ ಮೂರಕ್ಕೂ ನಡುವೆ ಹೀಗೆ ಸೇತುವೆಯಂಥ ಚಿಪ್ಪುಗಳಿದ್ದರೆ, ಇದು ಒಂದೇ ಪ್ರಭೇದದೊಳಗಿನ ವೈವಿಧ್ಯವಾಗಿರಬಹುದು. ಸಾಧ್ಯವಿದ್ದರೆ ಅದೇ ಪದರದಿಂದ ಇನ್ನಷ್ಟು ಚಿಪ್ಪುಗಳನ್ನು ಸಂಗ್ರಹಿಸಿ, ಪ್ರತಿಯೊಂದಕ್ಕೂ ಪದರದ ಮಟ್ಟವನ್ನು ಬರೆದಿಡಿ.

ಉತ್ತರ: ಹಳೆಯ ಕಪಾಟು

ಲಕ್ಷಣಗಳ ಮಾತನ್ನು ಮೇಲಿನವರು ಹೇಳಿರುವುದರಿಂದ ನಾನು ಹೆಸರುಗಳ ಕಡೆಗಷ್ಟೇ ಬರುತ್ತೇನೆ.

ಹೊಸ ಪ್ರಭೇದದ ವರ್ಣನೆಯೆಂದರೆ ಬಹುಪಾಲು ಹಳೆಯ ಹೆಸರುಗಳೊಡನೆ ನಡೆಸುವ ವಾದ. ಟರಿಟೆಲ್ಲಾ ಕುಲಕ್ಕೆ ಫ್ರೆಂಚ್ ನಿಸರ್ಗವಿಜ್ಞಾನಿ ಲಾಮಾರ್ಕ್ ಹೆಸರಿಟ್ಟದ್ದು 1799ರಲ್ಲಿ. ಅಂದಿನಿಂದ ನೀಳವಾದ ಚಿಪ್ಪುಗಳನ್ನೆಲ್ಲ ಜನ ಅದರೊಳಗೆ ತುಂಬುತ್ತಲೇ ಬಂದಿದ್ದಾರೆ. ಅವುಗಳಲ್ಲಿ ಅನೇಕವು ಈಗ ಬೇರೆ ಕುಲಗಳಿಗೆ ಹೋಗಿವೆ. ಹೀಗಿದ್ದರೂ, ಟರಿಟೆಲ್ಲಾದಲ್ಲಿ ಮೊದಲು ಪ್ರಕಟವಾದ ಹೆಸರನ್ನು ಅದೇ ಕುಲದ ಇನ್ನೊಂದು ಪ್ರಭೇದಕ್ಕೆ ಮತ್ತೆ ಇಡುವಂತಿಲ್ಲ. ಹಳೆಯ ಪ್ರಭೇದ ಮನೆ ಬದಲಿಸಿದ್ದರೂ ಹೆಸರು ತೆರವಾಗುವುದಿಲ್ಲ. ಆದ್ದರಿಂದ ಯೋಚಿಸಿಟ್ಟಿರುವ ಹೆಸರನ್ನು ಮೊದಲು ಮೊಲಸ್ಕಾಬೇಸ್‌ನಂಥ ದತ್ತಸಂಚಯದಲ್ಲಿ ಹುಡುಕಿ, ಆಮೇಲೆ ಮೂಲ ಗ್ರಂಥಗಳನ್ನೂ ನೋಡಿ. ಪಕ್ಕದ ಪದರಗಳ ಪ್ರಭೇದಗಳ, ಹೆಸರಿಗೆ ಆಧಾರವಾಗಿ ನಿಗದಿಪಡಿಸಿದ ಮಾದರಿ ಚಿಪ್ಪುಗಳಾದ ಹೋಲೋಟೈಪ್‌ಗಳನ್ನು ಕಣ್ಣಾರೆ ಕಾಣುವುದು ಉತ್ತಮ. ಹತ್ತೊಂಬತ್ತನೆಯ ಶತಮಾನದ ಕೆತ್ತನೆಯ ಚಿತ್ರಗಳಲ್ಲಿ ಕಲಾವಿದರು ಮುರಿದ ತುದಿಯನ್ನು ಕಲ್ಪನೆಯಿಂದ ಪೂರ್ತಿ ಮಾಡಿಬಿಟ್ಟಿರುವುದುಂಟು.

ಅವಸರದ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬುದಕ್ಕೆ ನಿಮ್ಮ ಕುಲದಲ್ಲೇ ಉದಾಹರಣೆಯಿದೆ. ಅಮೆರಿಕದ ವಯೋಮಿಂಗ್‌ನಲ್ಲಿ ಸಿಗುವ, ಚಿಪ್ಪುಗಳಿಂದ ತುಂಬಿದ ಅಲಂಕಾರಿಕ ಕಲ್ಲನ್ನು ಇಂದಿಗೂ ಟರಿಟೆಲ್ಲಾ ಅಗೇಟ್ ಎಂದು ಮಾರುತ್ತಾರೆ. ಅದರಲ್ಲಿರುವುದು ಸಮುದ್ರದ ಟರಿಟೆಲ್ಲಾ ಅಲ್ಲವೇ ಅಲ್ಲ. ಈಯೊಸೀನ್ ಕಾಲದ (ಸುಮಾರು 5.6 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದಿನ) ಸಿಹಿನೀರಿನ ಸರೋವರದಲ್ಲಿ ಬದುಕಿದ್ದ ಎಲಿಮಿಯಾ ಎಂಬ ಬೇರೆಯೇ ಬಸವನಹುಳು.

ನಿಯಮಗಳ ವಿಚಾರ. ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಹೆಸರು ಹೊಸದೆಂದು ಸ್ಪಷ್ಟವಾಗಿ ಘೋಷಿಸಬೇಕು. ಇತರ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತುಗಳಲ್ಲಿ ಹೇಳಬೇಕು, ಚಿತ್ರವೊಂದೇ ಸಾಲದು. ಹೋಲೋಟೈಪ್ ಯಾವುದೆಂದು ನಿಗದಿಪಡಿಸಿ, ಅದನ್ನಿಟ್ಟಿರುವ ಅಥವಾ ಇಡಲಿರುವ ಸಂಗ್ರಹದ ಹೆಸರು ಮತ್ತು ಸ್ಥಳವನ್ನು ನಮೂದಿಸಬೇಕು. ಸಾರ್ವಜನಿಕ ವಸ್ತುಸಂಗ್ರಹಾಲಯವನ್ನೇ ಆರಿಸಿ; ಮನೆಯ ಪೆಟ್ಟಿಗೆಯಲ್ಲಿರುವ ಹೋಲೋಟೈಪ್ ಮುಂದಿನ ಪೀಳಿಗೆಗೆ ಇಲ್ಲದಂತೆಯೇ. ಪತ್ರಿಕೆ ವಿದ್ಯುನ್ಮಾನ ರೂಪದಲ್ಲಿ ಮಾತ್ರ ಬರುವುದಾದರೆ, 2012ರ ತಿದ್ದುಪಡಿಯ ಪ್ರಕಾರ ಆ ಲೇಖನವನ್ನು ಪ್ರಾಣಿನಾಮಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಿರಬೇಕು ಮತ್ತು ನೋಂದಣಿಯ ಪುರಾವೆ ಲೇಖನದಲ್ಲೇ ಇರಬೇಕು.

ಹೆಸರಿನ ಎರಡನೆಯ ಪದವನ್ನು ಯಾವ ಭಾಷೆಯಿಂದಲೂ ತರಬಹುದು, ಆದರೆ ಬರೆಯುವುದು ಲ್ಯಾಟಿನ್ ಅಕ್ಷರಗಳಲ್ಲೇ. ಲ್ಯಾಟಿನ್ ಗುಣವಾಚಕವನ್ನು ಬಳಸಿದರೆ ಅದು ಕುಲನಾಮದ ಲಿಂಗಕ್ಕೆ ಹೊಂದಬೇಕು. ಟರಿಟೆಲ್ಲಾ ಸ್ತ್ರೀಲಿಂಗವಾದ್ದರಿಂದ ‘ಎಲಾಂಗೇಟಸ್’ ಅಲ್ಲ, ‘ಎಲಾಂಗೇಟಾ’. ಮತ್ತೊಂದು ಮಾತು: ಯೋಚಿಸಿರುವ ಹೆಸರನ್ನು ದಯವಿಟ್ಟು ಇಲ್ಲಿ ಬರೆಯಬೇಡಿ. ವರ್ಣನೆಯಿಲ್ಲದೆ ಹೊರಬಿದ್ದ ಹೆಸರಿಗೆ ನಿಯಮದಲ್ಲಿ ಸ್ಥಾನವಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ.

ಉತ್ತರ: ಓರೆಬೆಳಕು

ಚಿತ್ರಗಳ ಬಗ್ಗೆ ಚಿಕ್ಕ ಸೂಚನೆ. ಏಣುಗಳು ಸ್ಪಷ್ಟವಾಗಿ ಮೂಡಬೇಕಾದರೆ ಚಿಪ್ಪಿನ ಮೇಲೆ ಅಮೋನಿಯಂ ಕ್ಲೋರೈಡಿನ ತೆಳುವಾದ ಬಿಳಿ ಲೇಪ ಕೊಟ್ಟು, ಎಡಮೇಲಿನಿಂದ ಬೆಳಕು ಬೀಳಿಸಿ ತೆಗೆಯುವುದು ರೂಢಿ. ಆದರೆ ಲೇಪಕ್ಕೆ ಮುಂಚೆ ಒಮ್ಮೆ ಅತಿನೇರಳೆ ಬೆಳಕಿನಲ್ಲಿ ನೋಡಿ. ಬರಿಗಣ್ಣಿಗೆ ಬಿಳಿಚಿಕೊಂಡಂತೆ ಕಾಣುವ ಕೆಲವು ಚಿಪ್ಪುಗಳಲ್ಲಿ ಹಳೆಯ ಬಣ್ಣದ ವಿನ್ಯಾಸ ಆ ಬೆಳಕಿನಲ್ಲಿ ಹೊಳೆಯುತ್ತದೆ. ಡೊಮಿನಿಕನ್ ಗಣರಾಜ್ಯದ ಶಂಕು ಬಸವನಹುಳುಗಳ ಪಳೆಯುಳಿಕೆಗಳನ್ನು ಹೀಗೆ ಪರೀಕ್ಷಿಸಿ, 28 ಪ್ರಭೇದಗಳನ್ನು ಗುರುತಿಸಿ, ಅವುಗಳಲ್ಲಿ 13ನ್ನು ಹೊಸವೆಂದು 2015ರಲ್ಲಿ ಪ್ರಕಟಿಸಲಾಯಿತು. ನಿಮ್ಮ ಚಿಪ್ಪುಗಳಲ್ಲಿ ಏನೂ ಕಾಣದಿರಬಹುದು, ಆದರೂ ನೋಡಲು ಹೆಚ್ಚು ಸಮಯ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ: ಸುರುಳಿ

ಎಲ್ಲರಿಗೂ ಕೃತಜ್ಞತೆಗಳು. ಸಂಧಿರೇಖೆಗಳ ಬಳಿ ಅಂಟಿದ್ದ ಜೇಡಿಯನ್ನು ನೆನೆಸಿ ತೆಗೆದಾಗ, ಎರಡೇ ಏಣುಗಳಿವೆಯೆಂದು ನಾನು ನಂಬಿದ್ದ ಐದರಲ್ಲಿ ಎರಡು ಚಿಪ್ಪುಗಳಲ್ಲಿ ಮೂರನೆಯದು ಅಡಗಿ ಕುಳಿತಿತ್ತು. ಅವು ಸವೆದ ಚಿಪ್ಪುಗಳು, ಹಳೆಯ ಪ್ರಭೇದಕ್ಕೇ ಸೇರಬೇಕಾದವು. ಕೂದಲೆಳೆಯ ಏಣುಳ್ಳ ಎರಡನ್ನೂ ಸದ್ಯಕ್ಕೆ ಅಲ್ಲೇ ಇಟ್ಟಿದ್ದೇನೆ. ಉಳಿದ ಮೂರರಲ್ಲಿ ಬೆಳವಣಿಗೆ ಗೆರೆಗಳು ಅಚ್ಚಳಿಯದೆ ಇವೆ, ಮೂರನೆಯ ಏಣಿನ ಸುಳಿವೇ ಇಲ್ಲ, ಗೆರೆಗಳ ಬಾಗು ಕೂಡ ಉಳಿದ ನಾಲ್ಕಕ್ಕಿಂತ ಆಳವಾಗಿದೆ. ತುದಿ ಉಳಿದಿರುವುದು ಈ ಮೂರರಲ್ಲೊಂದು, ಆದರೆ ಅದರ ಬಾಯಿ ಮುರಿದಿದೆ. ಇನ್ನಷ್ಟು ಚಿಪ್ಪುಗಳು ಸಿಗುವವರೆಗೆ ಈ ಮೂರನ್ನು ಹಳೆಯ ಪ್ರಭೇದದ ಹೆಸರಿಗೆ ಮೊದಲು ‘ಅಫಿನಿಸ್’ ಸಂಕ್ಷೇಪವನ್ನು ಸೇರಿಸಿ, ಅದಕ್ಕೆ ಹತ್ತಿರವಾದರೂ ಬೇರೆಯೆಂದು ಗುರುತಿಸಿಡಲು ನಿರ್ಧರಿಸಿದ್ದೇನೆ. ಮುಂದೊಂದು ದಿನ ವರ್ಣಿಸುವುದಾದರೆ, ಬಾಯಿ ಮುರಿದ ಚಿಪ್ಪನ್ನು ಹೋಲೋಟೈಪ್ ಮಾಡುವುದು ಸರಿಯೇ?

ಉತ್ತರ: ಪದರಶಿಲೆ

ಸರಿ. ನಿಮ್ಮ ವಾದವನ್ನು ಹೊರುವ ಲಕ್ಷಣಗಳು ಯಾವ ಚಿಪ್ಪಿನಲ್ಲಿವೆಯೋ ಅದೇ ಹೋಲೋಟೈಪ್ ಆಗಬೇಕು. ಅಂದವಾಗಿ ಕಾಣುವ ಚಿಪ್ಪು ಪ್ಯಾರಾಟೈಪ್ (ಹೋಲೋಟೈಪ್ ಜೊತೆಗೆ ವರ್ಣನೆಯಲ್ಲಿ ಹೆಸರಿಸುವ ಪೂರಕ ಮಾದರಿ) ಆಗಿ ಬಾಯಿಯ ಆಕಾರವನ್ನು ತೋರಿಸಲಿ. ತುದಿಯುಳ್ಳ ಚಿಪ್ಪಿನ ಜೇಡಿಯನ್ನು ಇನ್ನೂ ತೆಗೆದಿರದಿದ್ದರೆ, ಕುಂಚವನ್ನು ಮುಟ್ಟಿಸುವ ಮೊದಲೇ ಲಾರ್ವಾ ಚಿಪ್ಪಿನ ಚಿತ್ರವೊಂದನ್ನು ಅಳತೆಪಟ್ಟಿಯೊಂದಿಗೆ ತೆಗೆದಿಟ್ಟುಕೊಳ್ಳಿ. ಶುಚಿಗೊಳಿಸುವಾಗ ಮೊದಲು ಕಳಚಿ ಬೀಳುವುದು ಅದೇ.